ಚೌಕಳಿ ಕೋಟು

ಪುಣೆಯ ಸದಾಶಿವ ಪೇಠೆಯಲ್ಲಿ ನಡೆದು ಹೋಗುವವರಿಗೆ ಓದಲು ಬೇರೆ ಪುಸ್ತಕ ಬೇಡ, ಮನೆಗಳ ಗೇಟೇ ಸಾಕು. ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ತೆಗೆಯುತ್ತೇವೆ ಅನ್ನುವುದು ಇದ್ದುದರಲ್ಲಿ ಸೌಮ್ಯವಾದ ಬರಹ. ಗಂಟೆ ಒಂದೇ ಸಲ ಒತ್ತಿ, ನಮಗೆ ಕಿವಿ ಕೇಳುತ್ತದೆ; ಪಕ್ಕದ ಮನೆಯವರು ಎಲ್ಲಿ ಹೋದರೆಂದು ನಮ್ಮನ್ನು ಕೇಳಬೇಡಿ, ಹೀಗೇ ಸಾಗುತ್ತದೆ. 'ಪುಣೇರಿ ಪಾಟಿ' ಎಂದೇ ಹೆಸರಾದ ಈ ಫಲಕಗಳಿಗೆ ಲೋಗೋ ಇಲ್ಲ, ಗೊತ್ತಾದ ಬಣ್ಣವೂ ಇಲ್ಲ. ಆದರೂ ಒಂದರ ಫೋಟೋ ತೆಗೆದು ಯಾರಿಗೆ ಕಳಿಸಿದರೂ ಊರು ಯಾವುದೆಂದು ಹೇಳಿಬಿಡುತ್ತಾರೆ. ಅಂಗಡಿಗಳದ್ದೂ ಇದೇ ಗತ್ತು: ಚಿತಳೆ ಬಂಧು ಮಿಠಾಯಿ ಅಂಗಡಿ ಮಧ್ಯಾಹ್ನ 1ರಿಂದ 4ರವರೆಗೆ ಬಾಗಿಲು ಹಾಕುತ್ತಿದ್ದದ್ದು ಅದರ ಬಾಕರ್‌ವಡಿಯಷ್ಟೇ ಪ್ರಸಿದ್ಧವಾಗಿತ್ತು. ಇನ್ನು ಮಧ್ಯಾಹ್ನವೂ ತೆರೆದಿರುತ್ತೇವೆ ಎಂದು 2017ರಲ್ಲಿ ಅವರು ಸಾರಿದಾಗ ಅದು ಪತ್ರಿಕೆಗಳಿಗೆ ಸುದ್ದಿ. ಬೈಯುವುದಕ್ಕಿದ್ದ ಒಂದು ವಿಷಯವೂ ಹೋಯಿತಲ್ಲ ಎಂದು ನಮ್ಮ ಕಟ್ಟಡದ ಹಿರಿಯರೊಬ್ಬರು ನಿಜಕ್ಕೂ ನೊಂದುಕೊಂಡರು.

ಇಂಥ ಊರಲ್ಲಿ ಕೂತು ನಾನೊಂದು ಕನ್ನಡ ಇ-ಪತ್ರಿಕೆ ಶುರುಮಾಡಲು ಹೊರಟೆ. ಹದಿನೈದು ದಿನಕ್ಕೊಂದು ಪ್ರಬಂಧ, ಕೇಳಿದವರ ಇಮೇಲಿಗೆ. ಹೆಸರು 'ಕಟ್ಟೆಪತ್ರ'. ಮೇಲಿನ ಮನೆಯ ಮರಾಠಿ ಹುಡುಗ ಡಿಸೈನ್ ಕಲಿತವನು. "ಕಾಕೂ, ನಿಮ್ಮ ಐಡೆಂಟಿಟಿ ಎಲ್ಲಿ?" ಅಂದ. ಆಧಾರ್ ಕಾರ್ಡ್ ಆಗಿದ್ದರೆ ತೋರಿಸಬಹುದಿತ್ತು. ಅವನಿಗೆ ಬೇಕಿದ್ದದ್ದು ಒಂದು ಲೋಗೋ, ಎರಡು ಬಣ್ಣ, ಒಂದು ಅಕ್ಷರಶೈಲಿ.

ಅಕ್ಷರದ ಕಥೆಯೇ ದೊಡ್ಡದು. ಹೆಸರನ್ನು ಟೈಪಿಸಿ ಕಳಿಸಿದೆ. ಅವನ ಸಾಫ್ಟ್‌ವೇರಿನಲ್ಲಿ ಅದು 'ಕಟ್‌ಟೆಪತ್‌ರ' ಆಗಿ ಕೂತಿತು. ಕೆಳಗಿರಬೇಕಾದ ಒತ್ತುಗಳೆಲ್ಲ ಎದ್ದು ಸಾಲಿಗೆ ಬಂದು ನಿಂತಿದ್ದವು. ಭಾರತೀಯ ಲಿಪಿಗಳಿಗೆಂದು ಬೇರೆಯೇ ಒಂದು ಸೆಟ್ಟಿಂಗ್ ಇರುತ್ತದೆ, ಅದನ್ನು ಹುಡುಕಿ ಒತ್ತಿದ ಮೇಲೆ ಅವು ಸ್ವಸ್ಥಾನ ಸೇರಿದವು. ಆಮೇಲೆ ದೇವನಾಗರಿಯಲ್ಲಿ ಪಳಗಿದ ಅವನ ಕಣ್ಣಿಗೆ ನಮ್ಮ ತಲೆಕಟ್ಟುಗಳು ಬಿಡಿಬಿಡಿಯಾಗಿರುವುದು ಸರಿಬರಲಿಲ್ಲ. ಎಲ್ಲವನ್ನೂ ಸೇರಿಸಿ ಮೇಲೊಂದು ಉದ್ದ ಗೆರೆ ಎಳೆದ. ಕನ್ನಡ ಅಕ್ಷರಗಳು ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಯ ಹಾಗೆ ತಂತಿಗೆ ಜೋತುಬಿದ್ದವು. "ಬೇಡಪ್ಪಾ" ಅಂದೆ. ಫೋನಿನಲ್ಲಿ ಹೆಸರಿನ ಪಕ್ಕ ಬರುವ ಪುಟ್ಟ ಗೋಲದೊಳಗೆ 'ಟ್ಟೆ' ಒಂದನ್ನೇ ಕೂರಿಸಿ ನೋಡಿದ. ಮೇಲೆ ಎತ್ವ, ಕೆಳಗೆ ಒತ್ತು, ಮೂರಂತಸ್ತು ಇಕ್ಕಟ್ಟಾಗಿ ಒಂದು ಮಸಿಯ ಚುಕ್ಕೆ ಉಳಿಯಿತು. ಬರೀ 'ಕ' ಸಾಕೆಂದರೆ, ಅದು ಕನ್ನಡದ ಅರ್ಧ ಸಂಘ ಸಂಸ್ಥೆಗಳ ಸೊತ್ತು.

ಫಾಂಟುಗಳಲ್ಲಿ ಅವನಿಗೆ ಪ್ರಿಯವಾದದ್ದು ಮುಂಬೈಯ ಏಕ್ ಟೈಪ್‌ನವರ 'ಬಾಲೂ'. ದುಂಡುದುಂಡಗೆ ಮುದ್ದಾಗಿದೆ. ಅದರ ಕನ್ನಡ ರೂಪಕ್ಕೆ 'ಬಾಲೂ ತಮ್ಮ' ಎಂದು ಹೆಸರಿಟ್ಟಿದ್ದಾರೆ, ತೆಲುಗಿನದು ತಮ್ಮುಡು, ಮಲಯಾಳದ್ದು ಚೇಟ್ಟನ್, ಬಂಗಾಳಿಯದು ದಾ. ಇಡೀ ದೇಶವೇ ಒಂದು ಕೂಡುಕುಟುಂಬ! ಆದರೆ ಸೂತಕದ ಮನೆಯ ಬಗ್ಗೆ ನಾನು ಬರೆದಿದ್ದ ಪ್ರಬಂಧದ ಮೇಲೆ ತಮ್ಮನನ್ನು ಕೂರಿಸಿದಾಗ ನಮ್ಮನೆಯವರು ಪಕಪಕ ನಕ್ಕುಬಿಟ್ಟರು. ಬಣ್ಣದ ವಿಷಯ ಬೇಗ ಮುಗಿಯಿತು. ಹಳದಿ-ಕೆಂಪು ಹಾಕಿದರೆ ರಾಜ್ಯೋತ್ಸವದ ಆಮಂತ್ರಣ, ಕೇಸರಿ ಹಾಕಿದರೆ ಗಣಪತಿ ಮಂಡಳಿಯ ಚಂದಾ ರಸೀದಿ.

ಸೇನಾಪತಿ ಬಾಪಟ್ ರಸ್ತೆಯ ಸಿಂಬಯಾಸಿಸ್ ಆವರಣದಲ್ಲಿ ಒಂದು ಪ್ರತಿಮೆಯಿದೆ, ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನದು. ಐಡೆಂಟಿಟಿ ಅಂದರೆ ಏನೆಂದು ತಿಳಿಯಬೇಕಾದರೆ ಅದನ್ನೊಮ್ಮೆ ನೋಡಿಕೊಂಡು ಬಾ ಎಂದು ಹುಡುಗನನ್ನು ಅಟ್ಟಿದೆ. ಲಕ್ಷ್ಮಣ್ ಕೊನೆಗಾಲ ಕಳೆದದ್ದೂ, 2015ರ ಜನವರಿ 26ರಂದು ತೀರಿಕೊಂಡದ್ದೂ ಪುಣೆಯಲ್ಲೇ. ಹುಟ್ಟಿ ಬೆಳೆದದ್ದು ಮಾತ್ರ ಮೈಸೂರು. ರಾಶಿಯವರು, ಅಂದರೆ ಡಾ. ಎಂ. ಶಿವರಾಂ, 1942ರಲ್ಲಿ ಶುರುಮಾಡಿದ 'ಕೊರವಂಜಿ' ಹಾಸ್ಯಪತ್ರಿಕೆಗೆ ತರುಣ ಲಕ್ಷ್ಮಣ್ ಚಿತ್ರ ಬರೆಯುತ್ತಿದ್ದರು. ಮುಂದೆ 1954ರಲ್ಲಿ ಏಷ್ಯನ್ ಪೇಂಟ್ಸ್‌ನ ಗಟ್ಟುವನ್ನು ಬರೆದುಕೊಟ್ಟವರೂ ಅವರೇ; ಹಣೆಯ ಮೇಲೆ ಜುಟ್ಟು ಬಿಟ್ಟುಕೊಂಡು, ಕೈಯಲ್ಲಿ ಬ್ರಷ್ಷು ಡಬ್ಬಿ ಹಿಡಿದ ತುಂಟ. ನಮ್ಮ ತಲೆಮಾರಿಗೆ ಕಂಪನಿಯ ಹೆಸರಿಗಿಂತ ಅವನೇ ಹೆಚ್ಚು ಗುರುತು.

ಶ್ರೀಸಾಮಾನ್ಯ ಹುಟ್ಟಿದ ಬಗೆ ನನಗಿನ್ನೂ ಇಷ್ಟ. ಮೊದಮೊದಲು ಲಕ್ಷ್ಮಣ್ ದೇಶದ ಜನರನ್ನು ತೋರಿಸಲು ಬಂಗಾಳಿ, ತಮಿಳ, ಪಂಜಾಬಿ ಎಂದು ಗುಂಪನ್ನೇ ಬರೆಯುತ್ತಿದ್ದರಂತೆ. ದಿನಾ ಪತ್ರಿಕೆಯ ಗಡುವು ತಲೆಯ ಮೇಲೆ. ಅಷ್ಟು ಮಂದಿಗೆ ಪೇಟ, ಪಂಚೆ, ಗಡ್ಡ ಬರೆಯಲು ಹೊತ್ತೆಲ್ಲಿ? ಒಬ್ಬೊಬ್ಬರನ್ನೇ ಬಿಡುತ್ತಾ ಬಂದು ಕೊನೆಗೆ ಒಬ್ಬ ಉಳಿದ: ಕಚ್ಚೆ ಪಂಚೆ, ಚೌಕಳಿ ಕೋಟು, ಕನ್ನಡಕ, ಪೊದೆ ಮೀಸೆ, ಬಾಯಿ ಬಿಡದ ಸ್ವಭಾವ. 1951ರಲ್ಲಿ ಆರಂಭವಾದ 'ಯು ಸೆಡ್ ಇಟ್' ಅಂಕಣದಲ್ಲಿ ದಶಕಗಟ್ಟಲೆ ಅದೇ ಕೋಟು. ಸರ್ಕಾರಗಳು ಬದಲಾದವು, ಅವನು ದರ್ಜಿಯ ಕಡೆ ತಲೆ ಹಾಕಲಿಲ್ಲ. ಕ್ಯಾಪ್ಟನ್ ಗೋಪಿನಾಥರು ಅಗ್ಗದ ವಿಮಾನ ಹಾರಿಸಿದಾಗ ಏರ್ ಡೆಕ್ಕನ್ನಿಗೂ ಅವನೇ ಬೇಕಾದ. ಇಂದಿನವರಾಗಿದ್ದರೆ ವಿಮಾನ ಹತ್ತಿಸುವ ಮೊದಲು ಒಂದು ಸೂಟು ಹೊಲಿಸುತ್ತಿದ್ದರೋ ಏನೋ.

ಹುಡುಗ ನೋಡಿ ಬಂದ. "ಚೆನ್ನಾಗಿದೆ ಕಾಕೂ, ಆದರೆ ಅಷ್ಟು ಸಣ್ಣ ಚೌಕಳಿ ಸ್ಕ್ರೀನಿನಲ್ಲಿ ಮಿಣಮಿಣ ಅನ್ನುತ್ತದೆ" ಎಂದು ವರದಿ ಒಪ್ಪಿಸಿದ. ಹೊಸ ಕರಡು ಕೊಡುತ್ತೇನೆ ಅಂದವನು ಗಣೇಶೋತ್ಸವ ಹತ್ತಿರವಾದದ್ದೇ ಢೋಲ್-ತಾಶಾ ಪಥಕದ ತಾಲೀಮಿಗೆಂದು ನದಿಯ ದಂಡೆ ಸೇರಿಬಿಟ್ಟ. ಸಂಜೆ ಅವನ ಢೋಲು ಕೇಳುತ್ತಿತ್ತು, ಕರಡು ಬರಲಿಲ್ಲ. ಮೊದಲ ಸಂಚಿಕೆಯ ದಿನ ಬಂದೇ ಬಂತು. ಇದ್ದ ಫಾಂಟಿನಲ್ಲಿ, ಕಪ್ಪು ಅಕ್ಷರದಲ್ಲಿ 'ಕಟ್ಟೆಪತ್ರ' ಎಂದು ಟೈಪಿಸಿ, ಕೆಳಗೊಂದು ಗೆರೆ ಎಳೆದು ಕಳಿಸಿದೆ. ಎರಡನೆಯದಕ್ಕೂ ಹಾಗೇ ಮಾಡಿದೆ, ಮೂರನೆಯದಕ್ಕೆ ಬೇರೆ ಯೋಚನೆಯೇ ಬರಲಿಲ್ಲ. ಧಾರವಾಡದ ಓದುಗರೊಬ್ಬರು, ಆ ಗೆರೆ ಕಂಡ ಕೂಡಲೇ ನಿಮ್ಮದೇ ಅಂತ ತಿಳೀತದ ನೋಡ್ರಿ, ಎಂದು ಬರೆದರು.

ವಿಸರ್ಜನೆ ಮುಗಿದ ಮೇಲೆ ಭುಜಕ್ಕೆ ಮುಲಾಮು ಹಚ್ಚಿಕೊಂಡು ಹುಡುಗ ಬಂದ. ಫೋನಿನಲ್ಲಿ ಮೂರೂ ಸಂಚಿಕೆಗಳನ್ನು ತಿರುವಿ ನೋಡಿ, ಗೆರೆಯನ್ನು ಕೂದಲೆಳೆಯಷ್ಟು ಎಡಕ್ಕೆ ಸರಿಸಲು ಹೇಳಿದ. ಈಗ ಅವನ ಪೋರ್ಟ್‌ಫೋಲಿಯೋದಲ್ಲಿ 'ಕಟ್ಟೆಪತ್ರ'ವೂ ಇದೆ. ಕೆಳಗೆ 'ಮಿನಿಮಲಿಸ್ಟ್ ಐಡೆಂಟಿಟಿ' ಎಂದು ಬರೆದುಕೊಂಡಿದ್ದಾನೆ.