ಚೊಗರು

ನಮ್ಮ ಬೀದಿಯವರೆಲ್ಲ ನನ್ನನ್ನು ಅಡಿಕೆ ಎಸ್ಟೇಟಿನ ಒಡೆಯ ಎಂದುಕೊಂಡಿದ್ದರೆ ಶುರುವಿನ ತಪ್ಪು ನನ್ನದಲ್ಲ. ಅಮೆರಿಕದ ಸನ್ನಿವೇಲಿಗೆ ಬಂದ ಹೊಸದರಲ್ಲಿ ಒಂದು ಪಾರ್ಟಿಯಲ್ಲಿ ಯಾರೋ "ನಿಮ್ಮ ಮನೆಯವರದು ಏನು?" ಎಂದರು. "ಅಡಿಕೆ" ಎಂದೆ. ಸುಳ್ಳೇನಲ್ಲ. ಅವ್ವ ಚನ್ನಗಿರಿ ಕಡೆ ಖೇಣಿದಾರರ ಚಪ್ಪರದಡಿ ಮೆಟ್ಟುಗತ್ತಿ ಮುಂದೆ ಕೂತು, ಡಬ್ಬಕ್ಕಿಷ್ಟು ಎಂದು ಕೂಲಿಗೆ ಅಡಿಕೆ ಸುಲಿದೇ ನನ್ನನ್ನು ಎಂಜಿನಿಯರ್ ಮಾಡಿದ್ದು. ತೋಟ ಯಾರದು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಆಮೇಲೆ ಕೇಳಿದವರಿಗೆಲ್ಲ ಒಂದೆರಡು ಎಕರೆ ಸೇರಿಸಿಕೊಂಡು ಹೋದೆ. ಹನ್ನೆರಡು ವರ್ಷಕ್ಕೆ ನಲವತ್ತಾಯಿತು. ಬೋರ್‌ವೆಲ್ಲಿಲ್ಲದೆ, ಭದ್ರಾ ನಾಲೆಯಿಲ್ಲದೆ ಬೆಳೆದ ತೋಟ ನಮ್ಮ ತಾಲ್ಲೂಕಿನಲ್ಲಿ ಅದೊಂದೇ ಇದ್ದೀತು.

ಈ ಬೇಸಿಗೆಗೆ ಅವ್ವ ಬಂದಳು. ಪಕ್ಕದ ಮನೆಯವರು ಎಲ್ಲರನ್ನೂ ನಾಪಾಕ್ಕೆ ಕರೆದರು, ವೈನ್ ರುಚಿ ನೋಡಲು.

"ಕೂಲಿ ಗೀಲಿ ಅಂತ ಬಾಯಿ ಬಿಡಬೇಡ. ಎಲೆ ಅಡಿಕೆ ಹಾಕಿ ಉಗುಳಬೇಡ," ಎಂದು ಕಾರಲ್ಲೇ ಪಾಠ ಮಾಡಿದೆ.

"ನಂಗೆ ಇಂಗ್ಲಿಷ್ ಬರ್ತದೇನೋ, ಬಾಯಿ ಬಿಡಾಕೆ?"

ನನಗೆ ಜೀವ ಬಂತು. ಹಿಂದಿನ ಸೀಟಿನಲ್ಲಿದ್ದ ಮಗಳನ್ನು ಐದು ವರ್ಷ ಕನ್ನಡ ಕಲಿ ತರಗತಿಗೆ ಕಳಿಸಿದ್ದು ನಾನೇ ಎಂಬುದು ಆಗ ಹೊಳೆಯಲಿಲ್ಲ.

ವೈನರಿಯ ಹುಡುಗ 1976ರ ಕತೆ ಹೇಳಿದ. ಪ್ಯಾರಿಸ್ಸಿನಲ್ಲಿ ಫ್ರಾನ್ಸಿನ ತೀರ್ಪುಗಾರರೇ ಬಾಟಲಿಯ ಹೆಸರು ನೋಡದೆ ಕುಡಿದು, ತಮ್ಮೂರಿನದನ್ನು ಬಿಟ್ಟು ನಾಪಾದ ವೈನಿಗೆ ಮೊದಲ ಸ್ಥಾನ ಕೊಟ್ಟುಬಿಟ್ಟರಂತೆ. ಹೆಸರು ಮುಚ್ಚಿಟ್ಟರೆ ಲಾಭವಿದೆ ಎಂದು ನನಗೆ ಮೊದಲೇ ಗೊತ್ತಿತ್ತು. ಆಮೇಲೆ ಎಲ್ಲರೂ ಗ್ಲಾಸು ತಿರುಗಿಸಿ, ಮೂಸಿ, ಬಾಯಲ್ಲಿ ಮುಕ್ಕಳಿಸಿ, ಬಕೆಟ್ಟಿಗೆ ಪಿಚಕ್ಕನೆ ಉಗುಳಿದರು.

ಅವ್ವ ನನ್ನ ಮುಖ ನೋಡಿದಳು. "ಇವ್ರು ಉಗುಳಬೋದಾ?"

ದ್ರಾಕ್ಷಿ ರಸ ಎಂದು ಹೇಳಿ ಅವಳ ಕೈಗೂ ಒಂದು ಗ್ಲಾಸು ಕೊಟ್ಟೆ. ನಾಲಿಗೆಗೆ ತಾಗಿಸಿದಳೋ ಇಲ್ಲವೋ, "ಥೂ, ಚೊಗರು!" ಎಂದಳು.

ಹುಡುಗನಿಗೆ ಕುತೂಹಲ ಹುಟ್ಟಿತು. ಮಗಳು ಮುಂದೆ ಬಂದು ವಿವರಿಸಿದಳು: ಸುಲಿದ ಅಡಿಕೆ ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಪು ಒಗರು ನೀರು. "ಟ್ಯಾನಿನ್!" ಎಂದು ಅವನು ಕುಣಿದ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬರುವುದೂ ಅದೇ ಒಗರಂತೆ. ಇವರಿಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಿದ. ಅಜ್ಜಿ ಹೇಳಿದಳು, ಮೊಮ್ಮಗಳು ಒಂದಕ್ಷರ ಬಿಡದೆ ಇಂಗ್ಲಿಷಿಗೆ ಇಳಿಸಿದಳು. 1976ರಲ್ಲಿ ಅಜ್ಜಿಗೆ ಹದಿನೈದು. ಚಪ್ಪರ, ಪೆಟ್ರೊಮ್ಯಾಕ್ಸ್ ದೀಪ, ನಡುರಾತ್ರಿಯವರೆಗೆ ಸುಲಿತ, ಕಪ್ಪಿಟ್ಟ ಬೆರಳು, ಡಬ್ಬದ ಲೆಕ್ಕ.

ನೆರೆಯವರು ಅವ್ವನ ಸುತ್ತ ಕುರ್ಚಿ ಎಳೆದುಕೊಂಡು ಕೂತರು. ನಾನು ಬಾಟಲಿಯ ಚೀಟಿ ಓದುತ್ತಿದ್ದೆ.

"ಅಜ್ಜಿ," ಮಗಳು ಕೇಳಿದಳು, "ಆಂಟಿ ಕೇಳ್ತಿದಾರೆ, ನಮ್ಮ ನಲವತ್ತು ಎಕರೆ ತೋಟ ಯಾವ ಕಡೆ ಇರೋದು?"

"ನಿಮ್ಮಪ್ಪನ್ನೇ ಕೇಳವ್ವ, ನಾನಂತೂ ನೋಡಿಲ್ಲ," ಎಂದವಳೇ ಅವ್ವ ಬಕೆಟ್ಟು ಹತ್ತಿರಕ್ಕೆ ಎಳೆದುಕೊಂಡಳು.