ಆರಾರು ಕುಣಿಕೆ

ಏನ್ ಅಕ್ಕ, ಬಟ್ಟೆ ಒಣಗ್ಹಾಕಿದ್ದಾಯ್ತಾ? ಒಂದ್ನಿಮಿಷ ಕಾಂಪೌಂಡ್ ಹತ್ರ ಬನ್ನಿ. ನಿನ್ನೆ ಕೇಳ್ತಿದ್ರಲ್ಲ, ನೋಡಿ, ಇದೇ ಆ ಗ್ಲೌಸ್. ಅಲ್ಲ ಅಲ್ಲ, ಪಟ್ಟಿ ಪಟ್ಟಿಯಾಗಿ ಹೆಣೆದು ಆಮೇಲೆ ಚಾಪೆ ಥರ ಒಂದರೊಳಗೊಂದು ತೂರಿಸಿದ್ದಲ್ಲ. ನೋಡಿದವರೆಲ್ಲ ಹಾಗೇ ಅಂದ್ಕೋತಾರೆ. ತಿರುಗಿಸಿ, ಒಳಗಡೆ ನೋಡಿ. ಎಲ್ಲಿದೆ ಪಟ್ಟಿ? ಒಂದೇ ದಾರ, ಒಂದೇ ಬಟ್ಟೆ. ಉಳಿದಿದ್ದೆಲ್ಲ ಕಣ್ಕಟ್ಟು. ಆಂಟ್ರಲಾಕ್ ಅಂತಾರೆ ಈ ಹೆಣಿಗೆಗೆ. ಫಿನ್ಲೆಂಡ್ ಕಡೆ ಹಳೇ ಕಾಲದಿಂದ ಕಾಲುಚೀಲಕ್ಕೆಲ್ಲ ಇದನ್ನ ಹೆಣೀತಾರೆ.

ಹೂಂ, ಬೆರಳಿಲ್ಲ. ಬೇಕೂಂತಲೇ ಬಿಟ್ಟಿದ್ದು. ನಮ್ಮನೆಯವರೂ "ಯಾಕೆ, ಉಲ್ಲನ್ ಸಾಲ್ಲಿಲ್ವಾ?" ಅಂದ್ರು. ಮಗಳು ಎಡಿನ್‌ಬರೋದಲ್ಲಿ ಬಸ್‌ಸ್ಟಾಪಲ್ಲಿ ನಿಂತ್ಕೊಂಡು ಮೊಬೈಲ್ ಉಜ್ಜಬೇಕಲ್ಲ, ಪೂರ್ತಿ ಗ್ಲೌಸ್ ಹಾಕ್ಕೊಂಡ್ರೆ ಆಗಲ್ವಂತೆ. ನನಗಂತೂ ಖುಷಿಯೇ ಆಯ್ತು. ಹತ್ತು ಬೆರಳಿಗೆ ಹತ್ತು ಕೊಳವೆ ಹೆಣೆಯೋ ಶಿಕ್ಷೆ ತಪ್ಪಿತಲ್ಲ!

ನಿಮ್ಮ ಕೈಲಿ ಯಾಕಾಗಲ್ಲ? ಮೊಮ್ಮಗನಿಗೆ ಸ್ವೆಟರ್ ಹಾಕಿದವರು ನೀವು. ನಿಟ್ ಗೊತ್ತು, ಪರ್ಲ್ ಗೊತ್ತು, ಎರಡು ಕುಣಿಕೆ ಸೇರಿಸಿ ಒಂದು ಮಾಡೋದೂ ಗೊತ್ತು. ಸ್ವೆಟರಿನ ಕತ್ತಿಗೆ ಪಟ್ಟಿ ಕೂರಿಸೋವಾಗ ಅಂಚಿಂದ ಕುಣಿಕೆ ಎತ್ಕೋತೀರಲ್ಲ, ಅದೂ ಬರುತ್ತೆ. ಅದಕ್ಕಿಂತ ಜಾಸ್ತಿ ವಿದ್ಯೆ ಇದರಲ್ಲಿಲ್ಲ. ಪ್ಯಾಟರ್ನ್ ಹಾಳೆ ಮಾತ್ರ ಪೂರ್ತಿ ಓದಿ ಅರ್ಥ ಮಾಡ್ಕೊಂಡು ಆಮೇಲೆ ಶುರು ಮಾಡ್ತೀನಿ ಅಂತ ಕೂತ್ಕೋಬೇಡಿ. ಹಾಗೆ ಕೂತವರು ಹಾಳೆ ಮಡಚಿ ಬೀರುವಿನಲ್ಲಿಟ್ಟು ಮತ್ತೆ ಕುಲಾವಿಗೇ ಹೋಗ್ತಾರೆ. ಇದು ಮೊದಲು ಕೈಗೆ ತಿಳಿಯೋ ಹೆಣಿಗೆ. ತಲೆಗೆ ಎರಡನೇ ಸುತ್ತಲ್ಲಿ ತಿಳಿಯುತ್ತೆ.

ಎರಡೂ ಕಡೆ ಮೊನೆ ಇರೋ ಕಡ್ಡಿ ಐದರ ಸೆಟ್ ಬೇಕು, ಎಂಟನೇ ನಂಬರ್, ಅಂದ್ರೆ 4 ಎಂಎಂ. ದಾರ ತೀರಾ ತೆಳುವೂ ಬೇಡ, ದಪ್ಪವೂ ಬೇಡ. ಮೊದಲು ಮಣಿಕಟ್ಟಿಗೆ 36 ಕುಣಿಕೆ ಹಾಕಿ, ಒಂದು ನಿಟ್ ಒಂದು ಪರ್ಲ್, ಎರಡಂಗುಲ ಹೆಣೀರಿ. ಆಮೇಲೆ ನಾಲ್ಕು ನಿಟ್, ಮುಂದಿನ ಎರಡು ಸೇರಿಸಿ ಒಂದು, ಹೀಗೇ ಸುತ್ತ ಹೋದ್ರೆ 30ಕ್ಕೆ ಇಳಿಯುತ್ತೆ. ಬಿಗಿಯಾಗಲ್ವಾ ಅಂತೀರಾ? ಆಗಲ್ಲ. ಇದರಲ್ಲಿ ಚೌಕಗಳೆಲ್ಲ ಮೂಲೆ ಮೇಲೆ ನಿಲ್ಲುತ್ತವೆ, ಅಡ್ಡಕ್ಕೆ ಜಾಸ್ತಿ ಹರಡುತ್ತವೆ. ಸಾದಾ ಹೆಣಿಗೆಗೆ 40 ಬೇಕಾದ ಕಡೆ ಇದಕ್ಕೆ 30 ಧಾರಾಳ.

ಈಗ ಮೂವತ್ತನ್ನೂ ಮರೆತುಬಿಡಿ. ಆರನ್ನೇ ನೋಡಿ. ಎರಡು ನಿಟ್ ಮಾಡಿ, ತಿರುಗಿಸಿ, ಆ ಎರಡನ್ನೇ ಪರ್ಲ್ ಮಾಡಿ. ತಿರುಗಿಸಿ, ಮೂರು ನಿಟ್, ತಿರುಗಿಸಿ, ಮೂರು ಪರ್ಲ್. ಹೀಗೇ ನಾಲ್ಕು, ಐದು. ಆರನೇದು ನಿಟ್ ಆದಮೇಲೆ ತಿರುಗಿಸಬೇಡಿ, ಅಲ್ಲೇ ಬಿಟ್ಟು ಮುಂದಿನ ಆರಕ್ಕೆ ಹೋಗಿ. ಒಂದೊಂದು ಆರಕ್ಕೂ ಒಂದೊಂದು ತ್ರಿಕೋನ, ಸುತ್ತಲೂ ಐದು. ಆಗ ಕಡ್ಡಿ ಮೇಲೆ ಏನು ಕಾಣುತ್ತೆ ಗೊತ್ತಾ? ನಾಯಿ ಕಚ್ಚಿ ಎಳೆದಾಡಿದ ಹಾಗಿರುತ್ತೆ. ಒಂದು ಅತ್ತ ವಾಲಿದೆ, ಒಂದು ಇತ್ತ ಮುದುಡಿದೆ. ನೂರಕ್ಕೆ ತೊಂಬತ್ತು ಜನ ಕಿತ್ತುಹಾಕೋದು ಇಲ್ಲೇ ಅಂತ ನನ್ನ ಅನುಮಾನ. ಕೀಳಬೇಡಿ. ಮನೆಯಲ್ಲಿ ಯಾರಿಗೂ ತೋರಿಸಲೂ ಬೇಡಿ, ಸುಮ್ನೆ ಒಂದು ಮಾತು ಆಡ್ತಾರೆ.

ತ್ರಿಕೋನ ಐದೂ ಮುಗಿದ ಮೇಲೆ ಇಡೀ ಹೆಣಿಗೆ ತಿರುಗಿಸಿ. ಒಳಮೈ ಈಗ ನಿಮ್ಮ ಕಡೆ. ತ್ರಿಕೋನದ ಓರೆ ಅಂಚಿಂದ ಆರು ಕುಣಿಕೆ ಪರ್ಲ್ ರೀತಿ ಎತ್ತಬೇಕು. ಇದೊಂದು ಸ್ವಲ್ಪ ಪೀಕಲಾಟ, ಕ್ರೋಶಾ ಕಡ್ಡಿ ಇದ್ರೆ ಅದರಲ್ಲಿ ಎಳೆದು ಕಡ್ಡಿಗೆ ಏರಿಸಿ. ಆಮೇಲೆ ಆ ಆರನ್ನೇ ಹಿಂದಕ್ಕೂ ಮುಂದಕ್ಕೂ ಹೆಣೀತಾ ಬನ್ನಿ, ಪ್ರತಿ ಪರ್ಲ್ ಸಾಲಿನ ಕೊನೇ ಕುಣಿಕೆಯನ್ನ ಪಕ್ಕದ ತ್ರಿಕೋನದಲ್ಲಿ ಕಾಯ್ತಾ ಇರೋ ಒಂದು ಕುಣಿಕೆ ಜೊತೆ ಸೇರಿಸಿ ಪರ್ಲ್ ಮಾಡಿ. ಪಕ್ಕದವಳ ಆರೂ ಖಾಲಿ ಆದ್ರೆ ಒಂದು ಚೌಕ ಮುಗೀತು ಅಂತ ಲೆಕ್ಕ. ಎಣಿಸೋದೇ ಬೇಡ, ಅದೇ ಹೇಳುತ್ತೆ. ಎರಡನೇ ಚೌಕ ಆಗೋ ಹೊತ್ತಿಗೆ ಆ ವಾಲಿದ್ದು ಮುದುಡಿದ್ದು ಎಲ್ಲ ನೆಟ್ಟಗೆ ಕೂರುತ್ತೆ. ಓಹೋ, ಇದಾ ವಿಷಯ ಅಂತ ಆಗ ಅನ್ಸುತ್ತೆ ನೋಡಿ.

ಮೂರನೇ ಸುತ್ತಿಗೆ ಮತ್ತೆ ತಿರುಗಿಸಿ. ಹೊರಮೈ ಈ ಕಡೆ, ಎತ್ತೋದು ನಿಟ್ಟಲ್ಲಿ, ಸೇರಿಸೋದೂ ನಿಟ್ಟಲ್ಲಿ. ಒಂದು ಸುತ್ತು ಬಲಕ್ಕೆ ಓರೆ, ಒಂದು ಎಡಕ್ಕೆ. ಅಷ್ಟಕ್ಕೇ ಕಣ್ಣಿಗೆ ಪಟ್ಟಿ ಮೇಲೆ ಕೆಳಗೆ ಹೋದ ಹಾಗೆ ಕಾಣೋದು.

ಇಲ್ನೋಡಿ, ಕನ್ನಡಕ ತಂದಿದ್ದೀರಾ? ಈ ಅಂಚಲ್ಲಿ ಸಣ್ಣ ಸರಪಳಿ ಥರ ಇದೆಯಲ್ಲ, ಎಣಿಸಿ. ಆರೇ ಕೊಂಡಿ. ಪ್ರತಿ ಸಾಲಿನ ಮೊದಲ ಕುಣಿಕೆಯನ್ನ ಹೆಣೀದೆ ಹಾಗೇ ಜಾರಿಸಿದ್ರೆ ಎರಡು ಸಾಲಿಗೆ ಒಂದು ಕೊಂಡಿ ಬರುತ್ತೆ. ಒಂದು ಚೌಕಕ್ಕೆ 12 ಸಾಲು, ಆರು ಕೊಂಡಿ, ಎತ್ತೋದು ಆರು ಕುಣಿಕೆ. ಎಲ್ಲಿ ಎತ್ತಬೇಕು, ಎಷ್ಟು ಬಿಡಬೇಕು ಅನ್ನೋ ಗೋಜೇ ಇಲ್ಲ. 12 ಸಾಲಿನ ಉದ್ದ ಆರು ಕುಣಿಕೆಯೊಳಗೆ ಹಿಡಿಸಿದ್ದಕ್ಕೇ ಒಂದೊಂದು ಚೌಕನೂ ಹೀಗೆ ಉಬ್ಬಿ ನಿಂತಿರೋದು. ಇಸ್ತ್ರಿ ಹಾಕಿ ಚಪ್ಪಟೆ ಮಾಡೋಕೆ ಹೋಗಬೇಡಿ, ಉಬ್ಬೇ ಅದರ ಅಂದ.

ತಿರುಗಿಸಿ ತಿರುಗಿಸಿ ಬೇಜಾರಾಗುತ್ತೆ, ಸುಳ್ಳು ಹೇಳಲ್ಲ. ಒಂದು ಸುತ್ತಿಗೆ ಹತ್ತಿರ ಹತ್ತಿರ 60 ಸಲ. ಕೆಲವರು ತಿರುಗಿಸದೆ ಎಡಗಡ್ಡಿ ಕಡೆಗೆ ಹಿಂದಕ್ಕೇ ಹೆಣೀತಾರೆ. ನನಗದು ಒಗ್ಗಲಿಲ್ಲ. ಟಿವಿಯಲ್ಲಿ ಧಾರಾವಾಹಿ ಹಾಕ್ಕೊಂಡು ತಿರುಗಿಸ್ತೀನಿ.

ಬೇಕಾದಷ್ಟು ಸುತ್ತಾದ ಮೇಲೆ ಮೇಲುಗಡೆ ಹಲ್ಲು ಹಲ್ಲಾಗಿ ಉಳಿಯುತ್ತೆ. ಅಲ್ಲಿ ಮತ್ತೆ ತ್ರಿಕೋನ ತುಂಬಿ ಮಟ್ಟ ಮಾಡಿ, ಸುತ್ತ ಕುಣಿಕೆ ಎತ್ಕೊಂಡು ಅಂಗೈಗೆ ಸಾದಾ ಹೆಣೀರಿ. ಹೆಬ್ಬೆರಳಿಗೆ ಒಂದು ಸುತ್ತಲ್ಲಿ ಆರು ಕುಣಿಕೆ ಮುಚ್ಚಿ, ಮುಂದಿನ ಸುತ್ತಲ್ಲಿ ಅದೇ ಜಾಗಕ್ಕೆ ಆರು ಹೊಸದು ಹಾಕಿದ್ರೆ ತೂತು ಬಂತು.

ಬಣ್ಣ ನಾನು ಬದಲಾಯಿಸಿಲ್ಲ ಅಕ್ಕ, ದಾರವೇ ಬದಲಾಗುತ್ತೆ. ಜಪಾನಿನ ನೋರೋ ಉಲ್ಲನ್ ಇದು, ಮಗಳು ಕಳಿಸಿದ್ದು. ಒಂದು ಬಣ್ಣ ಗಜಗಟ್ಟಲೆ ಹರಿದು ನಿಧಾನಕ್ಕೆ ಇನ್ನೊಂದಾಗುತ್ತೆ, ಚೌಕ ಚೌಕಕ್ಕೂ ಬೇರೆ ಬಣ್ಣ ಬಂದುಬಿಡುತ್ತೆ. ಕೆಲಸ ದಾರದ್ದು, ಹೊಗಳಿಕೆ ನಮಗೆ. ನೀವು ಮೊದಲ ಸಲಕ್ಕೆ ಲುಧಿಯಾನದ ವರ್ಧಮಾನ್ ದಾರವೇ ತಗೊಳ್ಳಿ, ಎರಡು ಬಣ್ಣ. ಒಂದು ಸುತ್ತಿಗೆ ಒಂದು, ಮುಂದಿನದಕ್ಕೆ ಇನ್ನೊಂದು. ಎಲ್ಲಿ ಹೇಗೆ ಸೇರ್ತಿದೆ ಅಂತ ಕಣ್ಣಿಗೆ ಸಲೀಸಾಗಿ ಕಾಣುತ್ತೆ. ಕಪ್ಪು ಮಾತ್ರ ಬೇಡ, ಕುಣಿಕೆ ಹುಡುಕೋದ್ರಲ್ಲೇ ಸಂಜೆ ಆಗಿಹೋಗುತ್ತೆ.

ಎರಡನೇದಾ? ಇನ್ನೂ ಶುರು ಮಾಡಿಲ್ಲ. ಎರಡೂ ಕೈಗೆ ಒಂದೇ ಬಣ್ಣ ಬರಬೇಕಾದ್ರೆ ಉಂಡೆಯಲ್ಲಿ ಅದೇ ಬಣ್ಣ ಬರೋವರೆಗೂ ದಾರ ಬಿಚ್ಚಿಟ್ಕೊಂಡು ಶುರು ಮಾಡಬೇಕು. ಎಡಗೈ ಬಲಗೈ ಒಂದೇ ಥರ ಇರಬೇಕು ಅಂತ ಯಾವ ಶಾಸ್ತ್ರದಲ್ಲಿದೆ ಹೇಳಿ? ಬಂದ ಬಣ್ಣ ಬರಲಿ ಅಂತ ಬಿಟ್ಟಿದ್ದೀನಿ. ಕಡ್ಡಿ ನನ್ನ ಹತ್ರ ಇನ್ನೊಂದು ಸೆಟ್ ಇದೆ, ಕೊಡ್ತೀನಿ ಇರಿ. ಉಲ್ಲನ್ ಮಾತ್ರ ನಿಮ್ಮದೇ.