ಕಣ್ಣಳತೆಯ ಮಹಾಶಯರು

ಆನೇಕಲ್ಲಿನ ತಾಲ್ಲೂಕು ಕಚೇರಿಯಿರಲಿ, ವರ್ತೂರಿನದೋ ಜಿಗಣಿಯದೋ ನಾಡಕಚೇರಿಯಿರಲಿ, ಅಂಗವಿಕಲರ ಪಿಂಚಣಿಗೆ ಅರ್ಜಿ ಹಿಡಿದವರ ಹಿಂದೆ ಒಬ್ಬ ಮಹಾಶಯರು ನಿಂತೇ ಇರುತ್ತಾರೆ. ಅವರು ನೌಕರರಲ್ಲ, ಬ್ರೋಕರೂ ಅಲ್ಲ. ಜಾತಿ ಸರ್ಟಿಫಿಕೇಟಿಗೋ ಪಹಣಿಗೋ ಬಂದವರು. ತಮ್ಮ ಸರದಿ ಬರುವ ತನಕ ಬೇರೆ ಕೆಲಸವಿಲ್ಲದ್ದರಿಂದ ಮುಂದಿನವರನ್ನು ಮೇಲಿಂದ ಕೆಳಗೊಮ್ಮೆ, ಕೆಳಗಿಂದ ಮೇಲೊಮ್ಮೆ ನೋಡಿ, "ನಿಮಗೇನ್ರೀ ಆಗಿದೆ? ಗಟ್ಟಿಮುಟ್ಟಾಗೇ ಇದ್ದೀರಲ್ಲ!" ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಜಿಲ್ಲಾಸ್ಪತ್ರೆಯ ವೈದ್ಯರು ಎಕ್ಸ್‌ರೇ, ಆಡಿಯೋಗ್ರಾಮ್ ಎಂದು ದಿನಗಟ್ಟಲೆ ಹೆಣಗಿ ಬರೆದ ಶೇಕಡಾವಾರನ್ನು ಇವರು ಅರೆನಿಮಿಷದಲ್ಲಿ ರದ್ದು ಮಾಡಬಲ್ಲರು. ಅವರ ಕಣ್ಣಳತೆ ಎಷ್ಟೋ ಕಡೆ ಒದಗುವುದು ನಿಜ. ಸೈಟಿನ ಮೂಲೆ ಸೊಟ್ಟಗಿದ್ದರೆ ಟೇಪು ಹಿಡಿಯದೆ ಹೇಳುತ್ತಾರೆ. ಆದರೆ ಈ ಸಾಲಿನಲ್ಲಿ ಅದು ತಪ್ಪುತ್ತದೆ. ತಪ್ಪುವುದೂ ಒಂದೇ ಸಲವಲ್ಲ, ಎರಡು ಸಲ. ಅದೂ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ.

ಮೊದಲ ತಪ್ಪಿಗೆ ಸಾಕ್ಷಿ ಕಾನೂನಿನಲ್ಲೇ ಇದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯಗಳಿದ್ದವು. 2016ರ ಕಾಯ್ದೆ ಅವನ್ನು 21ಕ್ಕೆ ಏರಿಸಿತು. ತಲಸ್ಸೇಮಿಯಾ, ಹಿಮೋಫಿಲಿಯಾ, ಪಾರ್ಕಿನ್‌ಸನ್, ಕಲಿಕಾ ನ್ಯೂನತೆ ಎಲ್ಲವೂ ಪಟ್ಟಿಗೆ ಬಂದವು. ಮಹಾಶಯರ ಪಟ್ಟಿಯಲ್ಲಿ ಮಾತ್ರ ಇಂದಿಗೂ ಮೂರೇ: ಗಾಲಿಕುರ್ಚಿ, ಊರುಗೋಲು, ಕಪ್ಪು ಕನ್ನಡಕ. ಪೀಣ್ಯದ ಪ್ರೆಸ್ ಶಾಪಿನಲ್ಲಿ ತೋರುಬೆರಳು ಕಳೆದುಕೊಂಡವರನ್ನು ಕಂಡರೆ ಅವರ ಕರುಳು ಚುರುಕ್ ಎನ್ನುತ್ತದೆ. ಆದರೆ ನೌಕರರ ಪರಿಹಾರದ ಕಾನೂನಿನ ಅನುಸೂಚಿಯಲ್ಲಿ ಇಡೀ ತೋರುಬೆರಳು ಹೋದರೆ ಗಳಿಕೆಯ ಸಾಮರ್ಥ್ಯದಲ್ಲಿ ನಷ್ಟ ಶೇ 14, ಹೆಬ್ಬೆರಳಿಗೆ ಶೇ 30. ಪಿಂಚಣಿಗೆ ಬೇಕಾದ ಶೇ 40ರ ಲೆಕ್ಕ ಬೇರೆಯೇ. ಅದನ್ನು ವೈದ್ಯರು ಬೇರೆ ಮಾರ್ಗಸೂಚಿ ಹಿಡಿದು ಅಳೆಯುತ್ತಾರೆ. ಅದೇ ಶಾಪಿನಲ್ಲಿ ವರ್ಷಗಟ್ಟಲೆ ಗದ್ದಲ ಕೇಳಿ ಕಿವಿ ಕಳೆದುಕೊಂಡವರು ಎದುರಿಗೆ ಬಂದರೋ, ಕರುಣೆಯ ಮಾತಿರಲಿ, "ಕೂಗಿದ್ರೂ ತಿರುಗಿ ನೋಡಲ್ಲ, ಎಷ್ಟು ಜಂಬ!" ಎಂಬ ಬಿರುದು ಸಿಗುತ್ತದೆ.

ಎರಡನೇ ತಪ್ಪು ಇನ್ನೂ ಸ್ವಾರಸ್ಯದ್ದು. ಇದೇ ಮಹಾಶಯರು ಕೊರಳಿಗೆ ಐಡಿ ಕಾರ್ಡು ತೂಗಿಕೊಂಡು ವೈಟ್‌ಫೀಲ್ಡಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಇಂಟರ್‌ವ್ಯೂ ಮಾಡಲು ಕುಳಿತರೆ ಕಣ್ಣಿನ ಪವರೇ ಬದಲಾಗುತ್ತದೆ. ಗಾಲಿಕುರ್ಚಿಯಲ್ಲಿ ಬಂದ ಎಂಜಿನಿಯರನ್ನು ಕೋಡಿಂಗಿನ ಬಗ್ಗೆ ಕೇಳುವ ಮೊದಲೇ "ನೈಟ್ ಶಿಫ್ಟು, ಪ್ರಾಜೆಕ್ಟ್ ಟೆನ್ಷನ್ನು, ಪಾಪ ನಿಮಗ್ಯಾಕೆ ತೊಂದರೆ?" ಎನ್ನುತ್ತಾರೆ. ಪಿಂಚಣಿಯ ಸಾಲಿನಲ್ಲಿ ಸೊನ್ನೆ ಕೊಟ್ಟ ಕಣ್ಣು ಇಲ್ಲಿ ನೂರಕ್ಕೆ ನೂರು ಕೊಟ್ಟಿತು. ಖಾಸಗಿ ಸಂಸ್ಥೆಗಳಿಗೂ ಸಮಾನ ಅವಕಾಶದ ನೀತಿ ಇರಬೇಕೆಂದು ಅದೇ 2016ರ ಕಾಯ್ದೆ ಹೇಳುತ್ತದೆ. ಆ ನೀತಿ ವೆಬ್‌ಸೈಟಿನಲ್ಲಿ ಇದ್ದರೂ ಮಹಾಶಯರ ಕಣ್ಣಿಗೆ ಬೀಳುವುದಿಲ್ಲ. ಹೀಗೆ ನೆರವು ಕೇಳಿದವರು ಸೋಗಿನವರು, ಕೆಲಸ ಕೇಳಿದವರು ಕೈಲಾಗದವರು. ಎರಡು ಕಡೆಯೂ ಉಳಿಯುವುದು ಸರ್ಕಾರದ ದುಡ್ಡು, ಕಂಪನಿಯ ಸೀಟು.

ನಕಲಿಗಳು ಇಲ್ಲವೇ ಎಂದು ಕೇಳಬಹುದು. ಇದ್ದಾರೆ, ಅವರಿಗೆಂದೇ 2016ರ ಕಾಯ್ದೆಯ 91ನೇ ಕಲಮು ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಇಟ್ಟಿದೆ. ಸುಳ್ಳು ಸರ್ಟಿಫಿಕೇಟು ಸಿಕ್ಕಿಬೀಳುವುದು ಮರುಪರೀಕ್ಷೆಯಲ್ಲಿ, ಕಾಗದದಲ್ಲಿ. ಸಾಲಿನಲ್ಲಿ ನಿಂತವರ ಕೈಗಲ್ಲ. ಮೋಸದ ಲಾಭವನ್ನೂ ಕೊಂಚ ಲೆಕ್ಕ ಹಾಕಬೇಕು. ರಾಜ್ಯದ ಪಿಂಚಣಿ ಶೇ 40ರಿಂದ 75ರವರೆಗೆ ತಿಂಗಳಿಗೆ 800 ರೂಪಾಯಿ, ಅದಕ್ಕೂ ಮೇಲಾದರೆ 1,400. ಕುಟುಂಬದ ವರ್ಷದ ಆದಾಯ 32,000 ದಾಟಬಾರದು, ಅಂದರೆ ತಿಂಗಳಿಗೆ 2,700ಕ್ಕಿಂತ ಕಡಿಮೆ. ಮಹದೇವಪುರದಲ್ಲಿ ಈ ದುಡ್ಡಿಗೆ ಶೀಟಿನ ಮನೆಯೂ ಬಾಡಿಗೆಗೆ ಸಿಗದು. ಎಂಟುನೂರಕ್ಕಾಗಿ ದಿನಗೂಲಿ ಬಿಟ್ಟು ಕಚೇರಿ ಅಲೆದು ಸೋಗು ಹಾಕುವಷ್ಟು ಲೆಕ್ಕ ಬಾರದವರು ಮೋಸಗಾರರಾಗಲು ಯೋಗ್ಯರೇ ಅಲ್ಲ. ಇನ್ನು ಮಹಾಶಯರು ಒಳ್ಳೆಯವರು, ಬಸ್ಸಿನಲ್ಲಿ ಎದ್ದು ಸೀಟು ಬಿಡುತ್ತಾರೆ ಎನ್ನುವುದೂ ಸರಿಯೇ. ಆದರೆ ಆ ಒಳ್ಳೆಯತನ ಕಣ್ಣಿನ ಅಪ್ಪಣೆಯಿಲ್ಲದೆ ಏಳುವುದಿಲ್ಲ. ತಲಸ್ಸೇಮಿಯಾದ ಹುಡುಗಿ ಅದೇ ಬಸ್ಸಿನಲ್ಲಿ ಕಂಬ ಹಿಡಿದೇ ನಿಂತಿರುತ್ತಾಳೆ.

ಆದ್ದರಿಂದ ಒಂದು ಸಣ್ಣ ತಿದ್ದುಪಡಿ ಆಗಬೇಕು. ಅರ್ಜಿ ಹಾಕುವವರಿಂದ ಆಧಾರ್, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಚೀಟಿ, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕು ಎಲ್ಲದರ ಜೆರಾಕ್ಸ್ ಕೇಳುವ ಸರ್ಕಾರ ಅನುಮಾನಪಡುವವರಿಂದ ಒಂದು ಚೀಟಿಯನ್ನೂ ಕೇಳುವುದಿಲ್ಲ. ಅದಕ್ಕೂ ಒಂದು ನಮೂನೆ ಬರಲಿ: ಅನುಮಾನದ ವಿವರ, ಅನುಮಾನಿಸುವವರ ವೈದ್ಯಕೀಯ ಅರ್ಹತೆ, ಎರಡು ಭಾವಚಿತ್ರ, ಗ್ರಾಮ ಆಡಳಿತ ಅಧಿಕಾರಿಯ ವರದಿ, ಕೊನೆಗೊಂದು ಒಟಿಪಿ. ಸರ್ವರ್ ಬಂದ ಮೇಲೆ ಸಲ್ಲಿಸಲಿ. ಮುಕ್ಕಾಲು ಪಾಲು ಅನುಮಾನ ಮಧ್ಯಾಹ್ನದ ಊಟದ ಹೊತ್ತಿಗೆ ತಾನಾಗಿಯೇ ಪರಿಹಾರವಾಗುತ್ತದೆ. ಉಳಿದ ಕಾಲು ಪಾಲನ್ನು ಆಸ್ಪತ್ರೆಯ ವೈದ್ಯರು ನೋಡಿಕೊಳ್ಳಲಿ, ಅವರಿಗೆ ಸಂಬಳ ಕೊಡುವುದೇ ಅದಕ್ಕೆ.